ರುದ್ರಪ್ಪ ಮೇಷ್ಟ್ರು ಬರೆಯದ ಕಾಲುಗಳು

ಯಾವ ಚಿತ್ರ ಕೊಟ್ಟರೂ ರುದ್ರಪ್ಪ ಮೇಷ್ಟ್ರು ಮೊದಲು ಅದರ ಮುಖದ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿಬಿಡುತ್ತಿದ್ದರು. ನಾವು ಎರಡು ದಿನ ಕೂತು ರೆಪ್ಪೆ, ಮೂಗುಬೊಟ್ಟು, ತುಟಿಯ ಅಂಚು ಎಂದು ತಿದ್ದಿ ತೀಡಿದ ಮುಖ ಅವರಿಗೆ ಬೇಡ. "ಮುಖ ಯಾರ್ ಬೇಕಾದ್ರೂ ಬರೀತಾರೆ. ಮಿಕ್ಕಿದ್ದೇನ್ ಬರ್ದಿದೀಯ ತೋರ್ಸು" ಎನ್ನುವರು. ಹೆಬ್ಬೆರಳಿಗೆ ಸದಾ ಇಂಕಿನ ಕಪ್ಪು. ಬೆರಳು ತೆಗೆದಾಗ ನನ್ನ ಸುಂದರಿಯ ಕೆನ್ನೆಯ ಮೇಲೆ ಅದರ ಗುರುತು ಬಿದ್ದಿರುತ್ತಿತ್ತು. ಇಂಥ ಮನುಷ್ಯನ ಮೇಲೆ ಪ್ರೀತಿ ಬರುವುದಾದರೂ ಹೇಗೆ?

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಗ್ರಾಫಿಕ್ ಡಿಸೈನ್ ಕಲಿಸುತ್ತಿದ್ದರು. ನಾನು ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಇದ್ದ ಮೂರು ಕಂಪ್ಯೂಟರಿಗೆ ಹದಿನೆಂಟು ಜನ ಜೋತುಬೀಳುತ್ತಿದ್ದೆವು. ಮಧ್ಯಾಹ್ನ ಮೌಸ್ ಹಿಡಿಯಬೇಕಾದರೆ ಬೆಳಿಗ್ಗೆ ರುದ್ರಪ್ಪ ಮೇಷ್ಟ್ರ ಹತ್ತಿರ ಪೆನ್ಸಿಲ್ ಹಿಡಿಯಲೇಬೇಕು. ಇಪ್ಪತ್ತು ವರ್ಷ ಕ್ಯಾಲೆಂಡರು, ಮದುವೆ ಪತ್ರಿಕೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಆಮೇಲೆ ಮೇಷ್ಟ್ರಾದವರು. ತೆಳ್ಳಗಿನ ಆಳು, ಬೈಯುವಾಗ ಮಾತ್ರ ಎರಡಾಳಿನ ದನಿ. ಯಾರ ಕೈಯಲ್ಲಾದರೂ ರಬ್ಬರ್ ಕಂಡರೆ ಕಿತ್ತುಕೊಂಡು ಕಿಟಕಿಯಿಂದ ಆಚೆ ಎಸೆಯುವರು. ಕೆಳಗಿನ ಔಷಧಿ ಅಂಗಡಿಯವರು ಅವನ್ನೆಲ್ಲ ಆರಿಸಿ ಡಬ್ಬಿಯಲ್ಲಿಟ್ಟು ಸಂಜೆ ನಮಗೆ ವಾಪಸು ಕೊಡುತ್ತಿದ್ದರು.

ಮೊದಲ ವರ್ಷದ ಕೊನೆಗೆ ನಮ್ಮ ಚಿತ್ರಗಳ ಪ್ರದರ್ಶನ. ಅಪ್ಪ ಕಾರ್ಖಾನೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ನನ್ನ ಹತ್ತು ಚಿತ್ರಗಳ ಎದುರು ನಿಂತು ಒಂದೊಂದನ್ನೇ ನೋಡುತ್ತಿದ್ದಾಗ ಹಿಂದಿನಿಂದ ಮೇಷ್ಟ್ರು ಬಂದರು.

"ನೀವು ಸುಜಾತನ ತಂದೆನಾ? ಮಗಳು ಭಾರಿ ಜೋರಿದಾಳೆ ಮಾರಾಯ್ರೆ. ಊರೋರ ಕೈಯೆಲ್ಲಾ ಕಡಿದು ಹಾಕಿದಾಳೆ ನೋಡಿ!"

ಹೌದು, ನನಗೆ ಕೈ ಬರೆಯಲು ಬರುತ್ತಿರಲಿಲ್ಲ. ಐದು ಬೆರಳು ಬರೆದರೆ ಬಾಳೆಹಣ್ಣಿನ ಚಿಪ್ಪಿನಂತೆ ಕಾಣುತ್ತಿದ್ದವು. ಅದಕ್ಕೇ ಗಂಡಸರ ಕೈ ಜೇಬಿನಲ್ಲಿ, ಹೆಂಗಸರ ಕೈ ಸೆರಗಿನೊಳಗೆ, ಮಕ್ಕಳ ಕೈ ಬೆನ್ನ ಹಿಂದೆ. ಸಕ್ರೆಬೈಲಿನ ಮಾವುತನ ಕೈಯನ್ನೂ ಆನೆಯ ಕಿವಿಯ ಹಿಂದೆ ಅಡಗಿಸಿದ್ದೆ. ಮೇಷ್ಟ್ರು ಒಂದೊಂದಾಗಿ ತೋರಿಸುತ್ತ ಹೋದರು. "ಇವ್ನಿಗೂ ಇಲ್ಲ, ಇವ್ಳಿಗೂ ಇಲ್ಲ. ಪಾಪ, ಇವ್ನು ಊಟ ಹೆಂಗ್ ಮಾಡ್ತಾನೋ!" ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಮೇಷ್ಟ್ರು ನಗುತ್ತಿರುವಾಗ ತಾವು ನಗದಿದ್ದರೆ ತಪ್ಪಾದೀತು ಎಂದು, ನನ್ನ ಕಡೆ ನೋಡದೆ, ನಕ್ಕರು. ನನ್ನನ್ನು ಆಡಿಕೊಂಡದ್ದು ಹಾಳಾಗಿ ಹೋಗಲಿ. ಅಪ್ಪನನ್ನು ಹಾಗೆ ನಗಿಸಿದ್ದನ್ನು ಮಾತ್ರ ಬಿಡುವುದಿಲ್ಲ ಎಂದು ಅವತ್ತೇ ಹಲ್ಲು ಕಚ್ಚಿದೆ.

ಮರುದಿನದಿಂದ ಬಸ್ಸಿನಲ್ಲಿ ಬರೀ ಕೈ ಬರೆದೆ. ಮಾಚೇನಹಳ್ಳಿಯಲ್ಲಿ ಹತ್ತಿದವರು ಮೇಲಿನ ಕಂಬಿ ಹಿಡಿದ ಕೈ, ಕಂಡಕ್ಟರು ಟಿಕೆಟ್ ಹರಿಯುವ ಕೈ. ಭದ್ರಾವತಿ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಸೆಲ್ವಿಯಕ್ಕ, "ಅಯ್ಯೋ ನನ್ ಕಣ್ಣೇ, ಮುಖ ಬಿಟ್ಟು ಕೈ ಯಾಕಮ್ಮಾ ಬರೀತೀಯ? ನಾನೇನ್ ಅಷ್ಟು ಕೆಟ್ಟದಾಗಿದೀನಾ?" ಎಂದು ಜಗಳಕ್ಕೇ ಬಂದಳು. ಆರು ತಿಂಗಳಲ್ಲಿ ನಾಲ್ಕು ಪುಸ್ತಕ ತುಂಬಿದವು. ಮೇಷ್ಟ್ರು ಅವನ್ನು ತಿರುವಿ ಹಾಕಿ "ಹೂಂ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ. ನಾನೇನೂ ಕರಗಲಿಲ್ಲ.

ಬೇಕಾದದ್ದು ಸಿಕ್ಕಿದ್ದು ಚಿಕ್ಕಮ್ಮನ ಮನೆಯಲ್ಲಿ. ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಕ್ಯಾಲೆಂಡರಿನ ಮೂಲೆಯಲ್ಲಿ 'ರುದ್ರಪ್ಪ' ಎಂಬ ಸಹಿ. ಅವರೇ ಕಲಿಸಿದಂತೆ ಹೆಬ್ಬೆರಳಿನಿಂದ ಮುಖ ಮುಚ್ಚಿ ನೋಡಿದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಜನ. ಜನವರಿಯವಳು ಗದ್ದೆಯ ಪೈರಿನಲ್ಲಿ ಮೊಣಕಾಲವರೆಗೆ ಮುಳುಗಿದ್ದಾಳೆ, ಫೆಬ್ರವರಿಯವನು ಹೊಳೆಯ ನೀರಿನಲ್ಲಿ, ಮಾರ್ಚಿನವಳು ಕೊಡಗಳ ಹಿಂದೆ. ಡಿಸೆಂಬರಿನವರೆಗೂ ಒಂದೇ ಒಂದು ಪಾದವಿಲ್ಲ! ಅಯ್ಯೋ ಪುಣ್ಯಾತ್ಮ, ಸಿಕ್ಕಿಬಿದ್ದೆಯಲ್ಲ ಎಂದು ಟ್ರಂಕಿನ ಮುಂದೆಯೇ ಕುಣಿದೆ.

ಎರಡನೆಯ ವರ್ಷದ ಪ್ರದರ್ಶನಕ್ಕೆ ಮೇಷ್ಟ್ರ ಹೆಂಡತಿ ಬರುತ್ತಾರೆಂದು ಗೊತ್ತಿತ್ತು. ಅವರು ಒಳಗೆ ಬರುವುದನ್ನೇ ಕಾದಿದ್ದು, ನನ್ನ ಚಿತ್ರಗಳ ಪಕ್ಕ ಆ ಹನ್ನೆರಡು ಹಾಳೆ ಅಂಟಿಸಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: 'ಇವರ ಕಾಲು ಕಡಿದವರು ಯಾರು?'

ಒಬ್ಬರು ನಕ್ಕರು, ಆಮೇಲೆ ಹಾಲ್ ಪೂರ್ತಿ ನಕ್ಕಿತು. ಮೇಷ್ಟ್ರ ಹೆಂಡತಿ ನಗಲಿಲ್ಲ. "ನಮ್ಮ ಯಜಮಾನ್ರು ಬರ್ದಿರೋದು ಚೆನ್ನಾಗೇ ಇದೆಯಲ್ಲ" ಎಂದು ಗಂಡನ ಪಕ್ಕ ಹೋಗಿ ನಿಂತರು. ಮೇಷ್ಟ್ರು ಜನವರಿಯಿಂದ ಡಿಸೆಂಬರಿನವರೆಗೆ ನಿಧಾನವಾಗಿ ನೋಡಿದರು.

"ಹೌದು ಕಣಮ್ಮ. ಕಾಲು ಬರಲ್ಲ ನಂಗೆ. ಇಷ್ಟು ವರ್ಷ ಯಾರೂ ಕಂಡುಹಿಡೀಲಿಲ್ಲ." ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಮುಂದೆ ಹಿಡಿದರು. "ಹೆಂಗೆ ಅಂತ ತೋರ್ಸು, ಕಲೀತೀನಿ."

ಅವರು ಕುಗ್ಗಬೇಕೆಂದಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು? ಈ ಮನುಷ್ಯ ಕುಗ್ಗುತ್ತಲೇ ಇಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. "ಕಲ್ಸೋದು ನಿಮ್ಮ ಕೆಲಸ ಸರ್, ನಂದಲ್ಲ" ಎಂದೆ. ಪೆನ್ಸಿಲ್ ಮುಟ್ಟಲಿಲ್ಲ. ಆಗ ಕುಗ್ಗಿದರು. ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡೆ. ಎಷ್ಟು ಹಾಯೆನಿಸಿತೆಂದರೆ, ಬಸ್ಸಿನಲ್ಲಿ ಭದ್ರಾವತಿಯವರೆಗೂ ಒಬ್ಬಳೇ ನಗುತ್ತ ಹೋದೆ.

ಓದು ಮುಗಿದು ಪ್ರೆಸ್ಸೊಂದರಲ್ಲಿ ಕೆಲಸಕ್ಕೆ ಸೇರಿದೆ. ಇತ್ತ ದುರ್ಗಿಗುಡಿಯ ಮಹಡಿಯಲ್ಲಿ ಕಂಪ್ಯೂಟರುಗಳು ಹೆಚ್ಚಾಗಿ ಪೆನ್ಸಿಲ್ ತರಗತಿ ನಿಂತುಹೋಯಿತು. ಮೇಷ್ಟ್ರು ಮನೆಯಲ್ಲಿ ಕೂತರು. "ಒಂದ್ಸಲ ಬಂದ್ಹೋಗು ಮಾರಾಯ್ತಿ" ಎಂದು ಎರಡು ಬಾರಿ ಹೇಳಿಕಳಿಸಿದರು. ಹೋಗಲಿಲ್ಲ. ನೆಹರೂ ರಸ್ತೆಯಲ್ಲಿ ದೂರದಿಂದ ಕಂಡರೂ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ತೀರಿಕೊಂಡರು ಎಂಬ ಸುದ್ದಿ ಬಂದಾಗಲೂ ಹೋಗಲಿಲ್ಲ. ಹೋದದ್ದು ಅಪ್ಪ.

"ನೀವ್ಯಾಕಪ್ಪಾ ಹೋದ್ರಿ? ಅಷ್ಟು ಜನರ ಮುಂದೆ ಆಡ್ಕೊಂಡಿರ್ಲಿಲ್ವಾ?" ಎಂದು ರೇಗಿದೆ.

"ನಿಂಗೆ ಕೈ ಬರ್ಸಿದ್ದು ಅವ್ರೇ ಅಲ್ವೇನಮ್ಮ" ಎಂದು ಅಪ್ಪ ಒಂದು ಪುಸ್ತಕ ಕೊಟ್ಟರು. "ಅವ್ರ ಮನೆಯೋರು ಕೊಟ್ರು. ಸುಜಾತ ಬಂದ್ರೆ ತೋರಿಸ್ಬೇಕು, ತಪ್ಪಿದ್ರೆ ಹೇಳ್ತಾಳೆ ಅಂತಿದ್ರಂತೆ."

ಪುಟ ಪುಟವೂ ಪಾದಗಳು. ತಪ್ಪು ಹುಡುಕಲೆಂದೇ ಪೆನ್ಸಿಲ್ ಹಿಡಿದು ಕೂತೆ. ಧಾರಾಳವಾಗಿ ಸಿಕ್ಕವು. ಹಿಮ್ಮಡಿ ಊದಿಕೊಂಡಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡದೆ ಗೆರೆ ಎಳೆದು ತಿದ್ದುತ್ತ ಕೊನೆಯ ಪುಟಕ್ಕೆ ಬಂದೆ. ಹೆಂಗಸೊಬ್ಬಳ ಎಡಗಾಲು, ಕಾಲುಂಗುರ ಸಮೇತ, ನೆಲಕ್ಕೆ ಭಾರ ಬಿಟ್ಟು ಊರಿತ್ತು. ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ. ತಪ್ಪಿರಲಿಲ್ಲ.

"ಏನಮ್ಮಾ, ಸರಿ ಇದೆಯಾ?" ಎಂದರು ಅಪ್ಪ.

"ಇದೆ" ಎಂದೆ. ಅಪ್ಪನಿಗೆ ಹೇಳಿ ಏನು ಬಂತು? ಕೇಳಬೇಕಾದವರು ಹೋಗಿಬಿಟ್ಟಿದ್ದರು. ಹಾಳಾದ ಮೇಷ್ಟ್ರು, ಕೊನೆಗೂ ನನ್ನನ್ನು ಸೋಲಿಸಿಯೇ ಹೋದರು.