ಟೇಪಿನ ಕೆಳತುದಿ ಹಿಡಿದವಳು

ಯಾರಾದರೂ ದೆವ್ವ, ಆತ್ಮ ಎಂದು ಕಥೆ ಶುರು ಮಾಡಿದರೆ ನಾನು ಚಾ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು. ದೇವರನ್ನು ನಂಬಿಸುವುದರಲ್ಲಿ ಅವರು ಅಷ್ಟೇನೂ ಗೆಲ್ಲಲಿಲ್ಲ. "ಡೋಂಟ್ ಬಿ ಸಿಲ್ಲಿ" ಎನ್ನುವುದನ್ನು ಮಾತ್ರ ಚೆನ್ನಾಗಿ ಕಲಿಸಿದರು. ಆ ಒಂದು ಪಾಠ ನನ್ನನ್ನು ಮುದುಕಿಯಾಗುವವರೆಗೂ ಕಾಪಾಡಿಕೊಂಡು ಬಂತು. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದೇನೂ ಇಲ್ಲ. ಇದರಲ್ಲಿ ಸ್ಮಶಾನವಿಲ್ಲ, ರಾತ್ರಿಯೂ ಇಲ್ಲ. ಬೆಳಗಿನ ಹೊತ್ತು, ಒಳ್ಳೆಯ ಬಿಸಿಲಿತ್ತು.

ನಮ್ಮದೊಂದು ವಿಚಿತ್ರ ಹಾಬಿ. ಎತ್ತರದ ಮರ ಹುಡುಕುವುದು, ಹತ್ತುವುದು, ಅಳೆಯುವುದು. ಶುರು ಮಾಡಿದ್ದು ನನ್ನ ಗಂಡ. ಶಿರಸಿಯಲ್ಲಿ ಬ್ಯಾಂಕಿನ ಕೆಲಸ, ರಜೆ ಬಂತೆಂದರೆ ಸಿದ್ದಾಪುರ, ಯಲ್ಲಾಪುರದ ಕಾಡು. ಕೆಳಗೆ ನಿಂತು ಯಂತ್ರದಲ್ಲಿ ನೋಡಿ ಲೆಕ್ಕ ಹಾಕುವವರೂ ಇದ್ದಾರೆ; ಇವರಿಗೆ ಅದು ಪ್ರಾಪರ್ ಅಳತೆಯೇ ಅಲ್ಲ. ತೆಳು ದಾರಕ್ಕೆ ಭಾರ ಕಟ್ಟಿ ಮೇಲಿನ ಕೊಂಬೆಗೆ ಹಾಯಿಸಬೇಕು, ಅದರ ಹಿಂದೆ ಹಗ್ಗ ಎಳೆದುಕೊಳ್ಳಬೇಕು, ಆ ಹಗ್ಗದಲ್ಲಿ ತುದಿಯವರೆಗೆ ಹತ್ತಬೇಕು. ಅಲ್ಲಿಂದ ಮರಳಿನ ಸಣ್ಣ ಚೀಲ ಕಟ್ಟಿದ ಟೇಪನ್ನು ಇಳಿಬಿಡಬೇಕು. ಕೆಳತುದಿ ಹಿಡಿಯುವವಳು ನಾನು. ಮದುವೆಯಿಂದ ನನಗೆ ಸಿಕ್ಕಿದ ಪರ್ಮನೆಂಟ್ ಪೋಸ್ಟ್ ಅದು.

ಕೆಳಗಿದ್ದವರು ತಲೆ ಎತ್ತುವಂತಿಲ್ಲ, ತೊಗಟೆ, ಒಣಕಡ್ಡಿ ಕಣ್ಣಿಗೆ ಬೀಳುತ್ತದೆ. ಕೂಗಿದರೆ ಅಷ್ಟು ಎತ್ತರಕ್ಕೆ ಸರಿಯಾಗಿ ಕೇಳದು. ಹಾಗಾಗಿ ಮಾತೆಲ್ಲ ಟೇಪಿನಲ್ಲೇ. ಮೇಲಿನಿಂದ ಎರಡು ಸಲ ಎಳೆದರೆ "ಹಿಡಿದೆಯಾ?" ಎಂದು. ನಾನು ತುದಿಯನ್ನು ಬುಡದ ನೆಲಕ್ಕೆ ಒತ್ತಿ ತಿರುಗಿ ಎರಡು ಸಲ ಎಳೆದರೆ "ಹಿಡಿದೆ, ಓದು" ಎಂದು. ಉತ್ತರ ಕೊಡದೆ ಕೈ ಬಿಡುವಂತಿಲ್ಲ. ಬಿಟ್ಟರೆ ಅಳತೆ ಕೆಟ್ಟಂತೆಯೇ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಶಾಸ್ತ್ರ ಇಲ್ಲ.

ಇವರಿಗೆ ಅಳೆಯಲಾಗದೆ ಉಳಿದದ್ದು ಮತ್ತಿಘಟ್ಟದ ಕಡೆಯ ಒಂದು ಧೂಪದ ಮರ. ನಾವು ಕಂಡ ಮರಗಳಲ್ಲೆಲ್ಲ ಅದೇ ಎತ್ತರದ್ದೆಂದು ಇವರು ಹಟ ಹಿಡಿದವರಂತೆ ನಂಬಿದ್ದರು. ಆದರೆ ಹೋದಾಗಲೆಲ್ಲ ಅದರ ಕೊಂಬೆಗಳಲ್ಲಿ ಹೆಜ್ಜೇನು. ಆ ಮರವಿದ್ದ ಬೆಟ್ಟದ ಯಜಮಾನರು ಎಲೆಅಡಿಕೆಯ ಕವಳ ಜಗಿಯುತ್ತ, "ಅಳ್ಯದೇ ಇದ್ರೆ ಮರ ಗಿಡ್ಡ ಆಗ್ತನೇ ತಂಗಿ?" ಎಂದು ನನ್ನನ್ನು ಕೆಣಕುತ್ತಿದ್ದರು. ಇವರದ್ದು ಒಂದೇ ಮಾತು: "ಜೇನು ಏಳ್ಳಿ, ಮುಂದಿನ ವರ್ಷ ನೋಡನ." ಹಾಗೆ ಎಷ್ಟೋ ಮುಂದಿನ ವರ್ಷಗಳು ಹೋದವು. ಆಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹಾರ್ಟ್ ಎಂದರು ಡಾಕ್ಟರು. ಚಾಕ್ಕೆ ನೀರಿಟ್ಟು ಎಬ್ಬಿಸಲು ಹೋದವಳು ನಾನು. ಕೊನೆಯ ಮಾತೆಂದು ಹೇಳುವುದು, ಕೇಳುವುದು ಏನೂ ಆಗಲಿಲ್ಲ.

ಮರುವರ್ಷ ಆ ಮರಕ್ಕೆ ಜೇನು ಬರಲಿಲ್ಲ. ಸುದ್ದಿ ತಂದವಳು ಸುಮಾ, ನನ್ನ ಅಣ್ಣನ ಮಗಳು. ಹತ್ತುವುದನ್ನು ಇವರಿಂದಲೇ ಕಲಿತವಳು.

"ಅತ್ತೆ, ಮಾವನ ಮರ ಖಾಲಿ ಇದ್ದಡ. ಹೋಪನ?"

"ಈ ಮಂಡಿ ತಗಂಡು ಎಲ್ಲಿಗೆ ಹೋಪದೇ?" ಎಂದೆ.

"ನಿನ್ನ ಮಂಡಿ ಕೆಳಗೇ ಇರ್ತು. ಹತ್ತದು ಆನು."

ಹೋದೆವು. ಇವರ ಪಾಲಿನ ಒಂದು ಕೆಲಸವನ್ನು ಮುಗಿಸಿಕೊಡಬೇಕು ಎನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಸುಮಾ ಹತ್ತುತ್ತ ಹತ್ತುತ್ತ ಎಲೆಗಳಲ್ಲಿ ಮರೆಯಾದಳು. ನಾನು ಟೊಪ್ಪಿ ಹಾಕಿಕೊಂಡು, ತಲೆ ತಗ್ಗಿಸಿ, ಮರದ ಬೇರಿಗೆ ಒರಗಿ ಕೂತೆ. ಬಹಳ ಹೊತ್ತಿನ ಮೇಲೆ ಮರಳಿನ ಚೀಲ ಇಳಿದು ಬಂತು. ಅದನ್ನು ಬಿಚ್ಚಿಟ್ಟು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದೆ. ಎರಡು ಸಲ ಎಳೆತ ಬಂತು. ಗಟ್ಟಿಯಾಗಿ, ಸ್ಪಷ್ಟವಾಗಿ. ಉತ್ತರ ಕೊಡಬೇಕೆಂದು ಕೈ ಬಿಗಿ ಮಾಡಿದೆ. ಅಷ್ಟರಲ್ಲಿ ಇನ್ನೊಂದು ಬಂತು. ಮೆಲ್ಲಗೆ, ಮಕ್ಕಳು ಸೆರಗು ಎಳೆದಂತೆ.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಮೂರನೆಯ ಎಳೆತ ಯಾವ ಶಾಸ್ತ್ರದಲ್ಲೂ ಇಲ್ಲ. ಅದು ಇವರದ್ದು. ಮದುವೆಯಾದ ಹೊಸತರಲ್ಲಿ ಶುರುವಾದದ್ದು ಕೊನೆಯ ಮರದವರೆಗೂ ಇತ್ತು. ಏನದು ಎಂದು ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಯಾರ ಹತ್ತಿರ ಹೇಳಿಕೊಳ್ಳುವ ಸಂಗತಿಯೂ ಅಲ್ಲ. ಸುಮಾಳಿಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ನಾನು ಕೈ ಬಿಟ್ಟುಬಿಟ್ಟೆ.

ಟೇಪ್ ತೂಗಾಡುತ್ತ ಹೋಗಿ ಪಕ್ಕದ ಮರದ ಟೊಂಗೆಗಳಿಗೆ ಸುತ್ತಿಕೊಂಡಿತು. ಎಷ್ಟೋ ಹೊತ್ತಿನ ಮೇಲೆ ಸುಮಾ ಕೆಳಗಿಳಿದಳು, ಮುಖ ಕೆಂಪಾಗಿತ್ತು.

"ಎಂತಕ್ಕೆ ಬಿಟ್ಟೆ ಅತ್ತೆ? ಟೇಪ್ ಬಿಡಿಸಲೇ ಬಂಜಿಲ್ಲೆ, ಕತ್ತರಿಸಿ ಬಂದೆ."

"ನೀ ಎಳದ್ಯಲೇ?"

"ಆನು ಎಳದ್ದೇ ಇಲ್ಲೆ. ಟೇಪ್ ಕೊಂಬೆಗೆ ಕಟ್ಟಿಟ್ಟು ಕೋಲು ಜೋಡಿಸ್ತಾ ಇದ್ದಿದ್ದೆ. ಎರಡೂ ಕೈಯಲ್ಲಿ ಕೋಲೇ."

ಮನುಷ್ಯರ ಭಾರ ತಡೆಯದ ತುತ್ತತುದಿಯ ಚಿಗುರನ್ನು ಕೋಲು ಚಾಚಿ ಅಳೆಯುತ್ತೇವೆ. ಅದನ್ನು ಜೋಡಿಸಲು ಎರಡು ಕೈಯೂ ಬೇಕು, ಅದು ನಿಜ. ನನ್ನ ಮುಖ ನೋಡಿ ಅವಳು ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟಳು. ಕಾರಿನಲ್ಲಿ ನಾನೇ ಎಲ್ಲವನ್ನೂ ಹೇಳಿದೆ. "ಗಾಳಿ ಇದ್ದಿತ್ತು ಅತ್ತೆ, ಮೇಲೆ ಸ್ವಲ್ಪ ಇದ್ದಿತ್ತು" ಎಂದಳು. ಸಮಾಧಾನಕ್ಕೆ ಹೇಳಿದಳೋ, ಇದ್ದದ್ದನ್ನೇ ಹೇಳಿದಳೋ ಗೊತ್ತಾಗಲಿಲ್ಲ.

ಹೊಸ ಟೇಪ್ ತರಿಸಿ ಮತ್ತೆ ಹೋಗುವುದೆಂದುಕೊಂಡೆವು. ಸುಮಾಳಿಗೆ ಕಾಲೇಜಿನ ಪರೀಕ್ಷೆಗಳ ಕೆಲಸ, ನನಗೆ ಜ್ವರ, ಹಾಗೆ ಹೀಗೆ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಆ ಮಳೆಗಾಲದಲ್ಲೇ ಮರ ಬುಡಸಮೇತ ಬಿತ್ತು. ನೋಡಲು ಹೋದೆವು. ತುದಿ ಬಂಡೆಗೆ ಬಡಿದು ಪುಡಿಯಾಗಿತ್ತು. ಬೆಟ್ಟದ ಯಜಮಾನರು ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಈಗ ಅಳದ್ಕ ತಂಗಿ, ಹತ್ತದೇ ಬ್ಯಾಡ" ಎಂದರು. ಸುಮಾ ನನ್ನ ಮುಖ ನೋಡಿದಳು. ಬಿದ್ದ ಮರದ್ದು ನಾಟಾ ದಿಮ್ಮಿಯ ಉದ್ದ, ಎತ್ತರ ಅಲ್ಲ ಎಂದು ಇವರು ಹೇಳುತ್ತಿದ್ದರು. ನಾವು ಚೀಲದಿಂದ ಹೊಸ ಟೇಪ್ ತೆಗೆಯಲೇ ಇಲ್ಲ.

ಆ ಮರ ಎಷ್ಟು ಎತ್ತರವಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಗೊತ್ತಾಗಬಹುದಾಗಿದ್ದ ಒಂದೇ ಒಂದು ಬೆಳಗ್ಗೆ ಟೇಪಿನ ತುದಿ ನನ್ನ ಕೈಯಲ್ಲಿತ್ತು.

ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನೇ ಗಾಳಿ ಎನ್ನುತ್ತಿದ್ದೆ. ಲಾಜಿಕ್ಕೂ ಅದನ್ನೇ ಹೇಳುತ್ತದೆ. ಆದರೆ ಎರಡು ಸಲ ಎಳೆದು, ಸ್ವಲ್ಪ ತಡೆದು, ಆಮೇಲೆ ಮೆಲ್ಲಗೆ ಇನ್ನೊಂದು ಸಲ ಎಳೆಯಬೇಕೆಂದು ಗಾಳಿಗೆ ಯಾರು ಹೇಳಿಕೊಟ್ಟರು? ಕೇಳಿದವರೆಲ್ಲ, "ನಿಮ್ಮ ಯಜಮಾನರೇ ಬಂದಿದ್ದರು, ಎಂಥ ಪುಣ್ಯ" ಎನ್ನುತ್ತಾರೆ. ಅವರು ಅಂದುಕೊಂಡಂತೆ ನನಗೆ ಅದರಿಂದ ಸಂತೋಷವಾಗುವುದಿಲ್ಲ. ಗಾಳಿಯೇ ಆಗಿರಲಿ ಎಂದು ದಿನಾ ಬಯಸುತ್ತೇನೆ. ಗಾಳಿಯಾಗಿದ್ದರೆ, ನಾನು ಕೈ ಬಿಟ್ಟಾಗ ಮೇಲೆ ಯಾರೂ ನನ್ನ ಉತ್ತರಕ್ಕೆ ಕಾದು ಕೂತಿರಲಿಲ್ಲ.