ವಿಮಾನಕ್ಕೆ ಇಟ್ಟ ಗಂಧ

ಹೋದ ಭಾನುವಾರ ಮೊಮ್ಮಗಳು ಜಗಲಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ. ಮೂಗಿಗೆ ಚುರುಕ್ಕೆನ್ನುವ ಆ ವಾಸನೆ ಒಳಗೆ ಬಂದದ್ದೇ ತಡ, ನನ್ನ ಕೈ ನಿಂತುಹೋಯಿತು. ಬೇರೆಯವರಿಗೆ ಅದು ಉಗುರುಬಣ್ಣದ ವಾಸನೆ, ನನಗೆ ವಿಮಾನದ ವಾಸನೆ. ಬೇಗೂರಿನಲ್ಲಿ ಲಂಗ, ರವಿಕೆ ಹೊಲಿದುಕೊಂಡು ಬದುಕಿದವಳಿಗೂ ವಿಮಾನಕ್ಕೂ ಎಲ್ಲಿಯ ನಂಟು ಅಂತ ನೀವು ನಗಬಹುದು. ನಂಟಿತ್ತು. ಅದರ ಪೂರ್ತಿ ಕಥೆಯನ್ನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಆ ವಿಮಾನದ ಒಡೆಯರು ನಮ್ಮ ಬೀದಿಯ ಕೊನೆಯ ಮನೆಯವರು. ರಕ್ತಸಂಬಂಧವೇನೂ ಇರಲಿಲ್ಲ. ಬೀದಿಗೆಲ್ಲ ಅವರು ದೊಡ್ಡಪ್ಪ, ಹಾಗಾಗಿ ನನಗೂ ದೊಡ್ಡಪ್ಪ. ಹರೆಯದಲ್ಲೇ ವಾಯುಪಡೆ ಸೇರಿ ವಿಮಾನ ರಿಪೇರಿಯ ಕೆಲಸ ಮಾಡಿ, ನಿವೃತ್ತರಾದ ಮೇಲೆ ಊರಿಗೆ ಬಂದು ಅರಿಸಿನ, ಸಣ್ಣ ಈರುಳ್ಳಿ ಬೆಳೆಯುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊಲಕ್ಕೆ ಹೊರಟರೆಂದರೆ ಹೊತ್ತು ಇಷ್ಟಾಯಿತು ಅಂತ ನಾವು ಲೆಕ್ಕ ಹಾಕಬಹುದಿತ್ತು. ಸರ್ವೀಸಿನ ಉದ್ದಕ್ಕೂ ಬೇರೆಯವರು ಹಾರಿಸುವ ವಿಮಾನವನ್ನು ರಿಪೇರಿ ಮಾಡಿದ್ದೇ ಬಂತು, ತಾನೊಂದು ದಿನವೂ ಹಾರಿಸಲಿಲ್ಲ ಅನ್ನುವ ಕೊರಗು ಅವರಿಗಿತ್ತಂತೆ. ಅರವತ್ತರ ಹತ್ತಿರ ಹೋಗಿ ಹಾರಿಸುವುದನ್ನು ಕಲಿತರು. ಯಾರೋ ಬೇಡವೆಂದು ಮೂಲೆಗೆ ಹಾಕಿದ್ದ ಎರಡು ಸೀಟಿನ ಪುಟ್ಟ ವಿಮಾನವನ್ನು ಬಿಚ್ಚಿ, ಲಾರಿಯಲ್ಲಿ ಹೇರಿಕೊಂಡು ಬಂದರು. ಲಾರಿ ಬಂದ ದಿನ ಅವರ ಹೆಂಡತಿ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತು, “ಟ್ರಾಕ್ಟರ್ ತತ್ತೀನಿ ಅಂದೋರು ಇದೇನ ತಂದ್ರಿ” ಅಂದರು.

ಅದಾಗಿ ಒಂದು ವಾರಕ್ಕೆ ದೊಡ್ಡಪ್ಪ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಬಿಳಿ ಬಟ್ಟೆಯ ದೊಡ್ಡ ಸುರುಳಿ.

“ಅಮ್ಮಿ, ನಿನ್ ಮಿಷನ್‌ನಲ್ಲಿ ಗಟ್ಟಿ ಬಟ್ಟೆ ಓಡ್ತದಾ?”

“ಏನು ಹೊಲೀಬೇಕು ದೊಡ್ಡಪ್ಪ, ದಿಂಬಾ?”

“ರೆಕ್ಕೆ ಕಣಮ್ಮಿ.”

ಎರಡು ತಿಂಗಳು ಮಧ್ಯಾಹ್ನ ಊಟವಾದ ಮೇಲೆ ನಾನು ಅವರ ಶೆಡ್ಡಿನಲ್ಲಿ ಕೂತೆ. ಮಿಷನ್ನಿನಲ್ಲಿ ಹೊಲಿದ ಬಟ್ಟೆಯನ್ನು ರೆಕ್ಕೆಯ ಅಸ್ಥಿಪಂಜರಕ್ಕೆ ತೊಡಿಸಿ, ಉಳಿದದ್ದನ್ನು ಕೈಯಲ್ಲೇ ಹೊಲಿಯಬೇಕಿತ್ತು. ಅವರು ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ ನೋಡುತ್ತಿದ್ದರು. ಒಂದು ಹೊಲಿಗೆ ಸಡಿಲ ಕಂಡರೂ ಗೇಣುದ್ದ ಬಿಚ್ಚಿಬಿಡುತ್ತಿದ್ದರು. ಮದುವೆ ರವಿಕೆಗೂ ಯಾರೂ ನನ್ನಿಂದ ಇಷ್ಟು ಸಲ ಬಿಚ್ಚಿಸಿರಲಿಲ್ಲ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಟ್ಟೆ ಬಿಗಿಯಾಗಲೆಂದು ಆಮೇಲೆ ಅದರ ಮೇಲೆ ಒಂದು ಬಗೆಯ ಬಣ್ಣ ಬಳಿಯುತ್ತಿದ್ದರು. ಅದಕ್ಕೇ ಈ ಉಗುರುಬಣ್ಣದ ವಾಸನೆ. ಮನೆಗೆ ಹೋದರೆ ನನ್ನ ಗಂಡ, “ಏನಮ್ಮಿ, ದೊಡ್ಡ ಹೀರೋಯಿನ್ ಆಗ್ಬುಟ್ಟಿದ್ದೀಯ” ಅಂತ ರೇಗಿಸುತ್ತಿದ್ದರು.

ಕೆಲಸವೆಲ್ಲ ಮುಗಿದ ಮೇಲೆ ದೊಡ್ಡಪ್ಪ ಇನ್ನೊಂದು ಚೂರು ಹೊಲಿಗೆ ಹೇಳಿದರು. ರೆಕ್ಕೆಯ ಮುಂದೆ ಪೆನ್ಸಿಲಿನಷ್ಟು ದಪ್ಪದ ಒಂದು ಕೊಳವೆ ಚಾಚಿಕೊಂಡಿತ್ತು, ತುದಿಯಲ್ಲಿ ಸಣ್ಣ ತೂತು. ವಿಮಾನ ನಿಂತಿರುವಾಗ ಅದಕ್ಕೆ ಹಾಕಲು ಒಂದು ಕೆಂಪು ಚೀಲ ಬೇಕಂತೆ. “ಕಣಜ ಬಂದು ಮಣ್ಣು ತುಂಬ್ಬುಡ್ತದೆ. ಆ ತೂತಿಗೆ ಗಾಳಿ ಓಗ್ನಿಲ್ಲ ಅಂದ್ರೆ ಒಳಗೆ ಸ್ಪೀಡ್ ತೋರ್ಸೋ ಮುಳ್ಳು ಏಳಾಕಿಲ್ಲ” ಅಂದರು. ಉಳಿದ ರವಿಕೆ ಬಟ್ಟೆಯಲ್ಲಿ ಹೊಲಿದುಕೊಟ್ಟೆ. ಕಣಜದ ಮಾತನ್ನು ಕಣಜದ ಮಾತಾಗಿಯೇ ಕೇಳಿಸಿಕೊಂಡೆ.

ಒಮ್ಮೆ ನನ್ನನ್ನೂ ಕೂರಿಸಿಕೊಂಡು ಹಾರಿದರು. ನೀನು ಹೊಲಿದ ರೆಕ್ಕೆ, ನೀನೇ ಕೂತು ನೋಡು ಅಂದರು. ಕೆಳಗೆ ಚೆಂಡುಹೂವಿನ ಹೊಲಗಳು, ರಸ್ತೆಯಲ್ಲಿ ವ್ಯಾನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ ಕೇರಳದವರು, ದೂರದಲ್ಲಿ ಬೆಟ್ಟ... ಇದೆಲ್ಲ ಆಮೇಲೆ ಅವರು ಹೇಳಿದ್ದು. ಹಾರಿದಷ್ಟು ಹೊತ್ತೂ ನಾನು ನನ್ನ ಹೊಲಿಗೆಯನ್ನೇ ನೋಡುತ್ತಿದ್ದೆ, ಎಲ್ಲಾದರೂ ಬಿಟ್ಟುಕೊಂಡೀತೇನೋ ಅಂತ.

ಕಾಡಿನ ಕಡೆ ಅವರು ಹೋಗುತ್ತಿರಲಿಲ್ಲ. ಕುದೇರು ಊರಿನ ದಿಕ್ಕಿಗೆ ಒಂದು ಸುತ್ತು ಹಾಕಿ, ತಮ್ಮ ಬೀಳು ಹೊಲಕ್ಕೇ ಬಂದು ಇಳಿಯುತ್ತಿದ್ದರು. ಹಾರುವ ಮುಂಚೆ ಪ್ರತಿ ಸಲವೂ ವಿಮಾನವನ್ನು ಮುಟ್ಟಿ ಮುಟ್ಟಿ ಒಂದು ಸುತ್ತು ಬರುತ್ತಿದ್ದರು. ಏನೇನು ನೋಡಬೇಕೆಂದು ಒಂದು ರಟ್ಟಿನ ಮೇಲೆ ಬರೆದು ಶೆಡ್ಡಿನಲ್ಲಿ ನೇತುಹಾಕಿದ್ದರು. ಆ ಸುತ್ತು ಮುಗಿಯುವ ತನಕ ಮಾತಾಡಿಸಿದರೆ ದೊಡ್ಡಮ್ಮನಿಗೂ ಉತ್ತರ ಸಿಗುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ಹಾರಿದರು. ಐದನೆಯ ವರ್ಷ ಆಯುಧಪೂಜೆಗೆ ಬೀದಿಯವರೆಲ್ಲ ವಿಮಾನಕ್ಕೂ ಪೂಜೆ ಆಗಲೇಬೇಕು ಅಂತ ಪಟ್ಟು ಹಿಡಿದರು. ನಾನೇ ಮುಂದಾಳು. ನಾವು ಬರುವಷ್ಟರಲ್ಲಿ ದೊಡ್ಡಪ್ಪ ಸುತ್ತು ಬಂದು, ಕೆಂಪು ಚೀಲ ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಬಾಳೆಕಂದು ಕಟ್ಟಿದೆವು. ಚಕ್ರಕ್ಕೆ, ಫ್ಯಾನಿನ ರೆಕ್ಕೆಗೆ, ಬಾಗಿಲಿಗೆ ನಾನೇ ಗಂಧ ಹಚ್ಚಿ ಕುಂಕುಮ ಇಟ್ಟೆ. ಕಡೆಗೆ ಆ ಕೊಳವೆ ಕಂಡಿತು. ಪಾಪ, ಇದೊಂದು ಬೋಳಾಗಿ ಉಳಿದಿದೆಯಲ್ಲ ಅನ್ನಿಸಿತು. ಬೆರಳ ತುದಿಯಲ್ಲಿ ಉಳಿದಿದ್ದ ಗಂಧವನ್ನೆಲ್ಲ ಅದರ ಮೂತಿಗೆ ಮೆತ್ತಿದೆ.

ಪೂಜೆಯಾದ ಮೇಲೆ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಓಡಿಸಬೇಕು. ಬೂದುಗುಂಬಳ ಒಡೆದರು. “ಇನ್ನೇನ್ ದೊಡ್ಡಪ್ಪ, ಹತ್ತಿ” ಅಂತ ಎಲ್ಲರೂ ಅವಸರ ಮಾಡಿದೆವು. ಅವರು ಒಂದು ಗಳಿಗೆ ವಿಮಾನದ ಕಡೆ ನೋಡಿ ನಿಂತರು, ಇನ್ನೊಂದು ಸುತ್ತು ಬರೋಣವೇ ಅನ್ನುವಂತೆ. ನಕ್ಕು ಹತ್ತಿಬಿಟ್ಟರು.

ವಿಮಾನ ಓಡತೊಡಗಿತು. ಅದು ಏಳುವುದನ್ನು ಹತ್ತಿರದಿಂದ ನೋಡಬೇಕೆಂದು ಒಂದಷ್ಟು ಜನ ಹೊಲದ ಆ ತುದಿಯಲ್ಲಿ ನಿಂತಿದ್ದರು. ಮುಳ್ಳು ಏಳದ್ದನ್ನು ಕಂಡಾಗ ನಿಲ್ಲಿಸಲು ಅವರಿಗೆ ಜಾಗವಿರಲಿಲ್ಲ ಅಂತ ನನಗೆ ಈಗ ಗೊತ್ತು. ಆಗ ಜನರ ತಲೆಯ ಮೇಲೆ ವಿಮಾನ ಎದ್ದುಹೋದಾಗ ನಾವು ಚಪ್ಪಾಳೆ ತಟ್ಟಿದೆವು. ಮೇಲೆ ಒಂದು ಸುತ್ತು ಹಾಕಿ, ಸ್ಪೀಡ್ ಎಷ್ಟೆಂದು ತಿಳಿಯದೆ ಅವರು ಇಳಿದದ್ದು ಎಂದಿಗಿಂತ ಜೋರು. ಬೀಳು ಹೊಲ ದಾಟಿ, ಅರಿಸಿನದ ಹೊಲಕ್ಕೆ ನುಗ್ಗಿ, ಬದುವಿಗೆ ಬಡಿದು ವಿಮಾನ ಮಗುಚಿತು.

ಬೇರೆ ಯಾರಿಗೂ ಏನೂ ಆಗಲಿಲ್ಲ. ಅವರ ಸೊಂಟ ಮುರಿದಿತ್ತು. ಟೆಂಪೋಗೆ ಎತ್ತಿ ಮಲಗಿಸುವಾಗ ಜೇಬಿಗೆ ಕೈಹಾಕಿ ಕೆಂಪು ಚೀಲ ತೆಗೆದು ನನಗೆ ಕೊಟ್ಟರು. “ಓಗಮ್ಮಿ, ಅದುಕ್ಕೆ ಆಕ್ಬುಡು” ಅಂದರು. ಹೋಗಿ ನೋಡಿದೆ. ಕೊಳವೆಯ ತೂತಿನೊಳಗೆ ಗಂಧ ಒಣಗಿ ಬಿರಡೆಯಾಗಿ ಕೂತಿತ್ತು. ಕಣಜದ ಮಾತು ಆಗ ನೆನಪಾಯಿತು. ಮಣ್ಣು ಹೋಗಬಾರದು ಅಂತ ತಿಳಿದಿತ್ತು, ಗಂಧವನ್ನು ನಾನು ಮಣ್ಣು ಅಂದುಕೊಂಡಿರಲೇ ಇಲ್ಲ. ತಾಳಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಅದನ್ನೆಲ್ಲ ಕೆದಕಿ, ಸೆರಗಿನಿಂದ ಒರೆಸಿ, ಮೇಲೆ ಚೀಲ ತೊಡಿಸಿದೆ. ತಿರುಗಿದರೆ ಟೆಂಪೋದಲ್ಲಿ ಮಲಗಿದ್ದ ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ನೋಡಿ, ಕಣ್ಣು ಮುಚ್ಚಿಕೊಂಡರು.

ಪರಿಶೀಲನೆಗೆ ಬಂದ ಅಧಿಕಾರಿಗಳಿಗೆ ಅವರು, ಗಾಳಿ ತಿರುಗಿತು, ನನ್ನ ಅಂದಾಜು ತಪ್ಪಿತು ಅಂದರಂತೆ. ಊರಿಗೆ ಅಷ್ಟು ಸಾಕಾಯಿತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, “ಮುದುಕಂಗೆ ಕಣ್ಣು ಕಾಣಾಕಿಲ್ಲ ಕಣ್ಲಾ, ಕೈ ನಡುಗ್ತದೆ, ಇದೆಲ್ಲ ಬೇಕಿತ್ತಾ” ಅನ್ನುವ ಮಾತು ನಾನೇ ಕೇಳಿದ್ದೇನೆ. ಒಂದು ಹೊಲಿಗೆ ಸಡಿಲವಾದರೂ ಬಿಡದ ಮನುಷ್ಯನನ್ನು ಬೇಜವಾಬ್ದಾರಿಯವನೆಂದರು. ನಾನು ಟೀ ಕುಡಿದು ಲೋಟ ಇಟ್ಟು ಬಂದೆ.

ಸೊಂಟ ಕೂಡಿದರೂ ಹಾರಲು ಬೇಕಾದ ಸರ್ಟಿಫಿಕೇಟಿಗೆ ಡಾಕ್ಟರು ಸಹಿ ಹಾಕಲಿಲ್ಲ. ಮುರಿದ ವಿಮಾನ ಶೆಡ್ಡಿನಲ್ಲೇ ಉಳಿಯಿತು. ಸಂಜೆ ಕೋಲೂರಿಕೊಂಡು ಹೋಗಿ ಅದನ್ನು ಮುಟ್ಟಿ ಮುಟ್ಟಿ ಒಂದು ಸುತ್ತು ಬರುತ್ತಿದ್ದರು. ಅದನ್ನು ಕಂಡ ದಿನ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಲ ಧೈರ್ಯ ಮಾಡಿ ಹೋದೆ. “ದೊಡ್ಡಪ್ಪ, ಅವತ್ತು ನಾನು...” ಅಂದೆ. ಅವರು ರೆಕ್ಕೆಯ ಹರಿದ ಬಟ್ಟೆ ಸವರುತ್ತಾ, “ಬುಡು ಕಣಮ್ಮಿ. ಗಾಳಿ ತಿರುಗ್ಬುಡ್ತು” ಅಂದರು. ನಿಜ ಹೇಳಬೇಕೆಂದರೆ, ಆಗ ನನಗೆ ಎದೆ ಹಗುರಾಯಿತು. ಆ ಹಗುರಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಅವರು ಹೋದರು. ಶಿವಗಣಾರಾಧನೆಯ ಊಟ ಮುಗಿದ ಮೇಲೆ ದೊಡ್ಡಮ್ಮ ನನ್ನನ್ನು ಕರೆದು ಶೆಡ್ಡಿನ ಆ ರಟ್ಟನ್ನು ಕೈಗಿಟ್ಟರು. “ನಿಂಗೇ ಕೊಡು ಅಂದಿದ್ರು. ನಂಗೇನು ಓದಾಕೆ ಬತ್ತದಾ” ಅಂದರು. ಚಕ್ರದ ಗಾಳಿ, ಪೆಟ್ರೋಲು, ಹೊಲಿಗೆ, ಕೆಂಪು ಚೀಲ... ಎಲ್ಲ ಹಳೆಯ ನೀಲಿ ಶಾಯಿ. ತೀರಾ ಕೆಳಗೆ ಕಪ್ಪು ಶಾಯಿಯಲ್ಲಿ ಎರಡು ಸಾಲು ಹೊಸದಾಗಿ ಸೇರಿತ್ತು. ಇನ್ನೆಂದೂ ಹಾರಲಾರೆ ಎಂದು ಗೊತ್ತಿದ್ದೇ ಬರೆದದ್ದು.

‘ಪೂಜೆ ಆದ ಮೇಲೆ ಇನ್ನೊಂದು ಸುತ್ತು ನೋಡಬೇಕು. ನಾನು ನೋಡಲಿಲ್ಲ.’

ಆ ಭಾನುವಾರ ನಾನು ಇದೆಲ್ಲ ನೆನೆಯುತ್ತಾ ಕೂತಿದ್ದಾಗ ಮೊಮ್ಮಗಳು ಒಳಗೆ ಬಂದು, “ಅಜ್ಜಿ, ನಿಂಗೂ ಹಚ್ಲಾ?” ಅಂತ ಕೇಳಿದಳು. ಕೈ ಚಾಚಿದೆ. ಗಂಧ ಮೆತ್ತಿದ್ದ ಅದೇ ಬೆರಳಿನಿಂದ ಅವಳು ಶುರು ಮಾಡಿದಳು. ಉಗುರು ಒಣಗುವ ತನಕ ಅಲ್ಲಾಡಬೇಡ ಅಂದಳು, ಕೂತೆ. ಇವತ್ತಿಗೂ ದೊಡ್ಡಪ್ಪನ ಮಾತು ಬಂದರೆ ಬೀದಿಯವರು, ಪಾಪ, ಕೊನೆಕೊನೆಗೆ ಕಣ್ಣು ಕಾಣುತ್ತಿರಲಿಲ್ಲ ಅನ್ನುತ್ತಾರೆ. ಅವರು ಇದ್ದಾಗಲೇ, ಅವರೆದುರಿಗೇ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಅವರ ಕಣ್ಣು ಚೆನ್ನಾಗಿತ್ತು. ಕೈ ನಡುಗುತ್ತಿರಲಿಲ್ಲ. ಗಂಧ ಇಟ್ಟವಳು ನಾನು.