ದೇವರ ಮುಂದಿನ ರೂಪಾಯಿ

ನಮ್ಮ ಅತ್ತೆ ಹುಲ್ಲಹಳ್ಳಿಗೆ ಸೊಸೆಯಾಗಿ ಬಂದ ಕಾಲದಲ್ಲಿ ದೇವರ ಮುಂದಿಟ್ಟ ಒಂದು ರೂಪಾಯಿ ನಾಣ್ಯ ಈಗಲೂ ಗೋಡೆಯ ಗೂಡಿನಲ್ಲಿದೆ. ಪ್ರತಿ ಸೋಮವಾರ ದೀಪ, ಗಂಟೆಯ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತೇವೆ. ಮೊದಲು ಅತ್ತೆ ಉಜ್ಜುತ್ತಿದ್ದರು, ಆಮೇಲೆ ನಾನು.

ನಮ್ಮ ಯಜಮಾನರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಚಿಲ್ಲರೆ ಅಂಗಡಿ. ನೋಡದೇ ಗಲ್ಲಾಪೆಟ್ಟಿಗೆಗೆ ಕೈಹಾಕಿ, ನಾಣ್ಯ ಒಂದು ರೂಪಾಯಿಯದೋ ಎರಡರದೋ ಎಂದು ಬೆರಳಲ್ಲೇ ತಿಳಿದು ತೆಗೆಯುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಬಲಗೈಗೆ ಏನೂ ತಿಳಿಯದಂತಾಯಿತು. ಪ್ರಾಣ ಉಳಿಯಿತಲ್ಲ, ನಂಜುಂಡೇಶ್ವರ ದೊಡ್ಡವನು. ಆದರೆ ಕೈ ಹೀಗೇ ಇದ್ದರೆ ಅಂಗಡಿ ಬೇರೆಯವರಿಗೆ ಕೊಟ್ಟುಬಿಡೋಣ ಎಂದು ಅವರೇ ಹೇಳಿದ್ದರು.

ನಂಜನಗೂಡಿನಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ, "ಕಣ್ಣು ಮುಚ್ಚಿಸಿ, ಕೈಯಲ್ಲಿ ನಾಣ್ಯ ಇಟ್ಟು ಏನು ಅಂತ ಕೇಳಿ ಅಮ್ಮ" ಅಂದಳು. ಯಾವುದೋ ನಾಣ್ಯ ಯಾಕೆ, ದೇವರದೇ ಇರಲಿ, ಅದರಿಂದಲಾದರೂ ಗುಣವಾಗಲಿ ಎಂದು ಗೂಡಿನ ರೂಪಾಯಿಯನ್ನೇ ಇಡುತ್ತಾ ಬಂದೆ.

"ಕೈಯಾಗೆ ಏನದೆ ಯೋಳಿ."

"ಏನೂ ಇಲ್ಲ ಕಣೇ."

ದಿನಾ ಸಂಜೆ ಇದೇ ಮಾತು. ನನಗೆ ಅಳುವೂ ಬರುತ್ತಿರಲಿಲ್ಲ. ನಾಣ್ಯ ಗೂಡಿಗಿಟ್ಟು ಅನ್ನಕ್ಕೆ ಎಸರು ಇಡುತ್ತಿದ್ದೆ.

ಒಂದು ಸಂಜೆ ಅತ್ತೆ, "ಎಲ್ಲಿ, ತಾ ಇಲ್ಲಿ" ಎಂದು ನಾಣ್ಯ ಇಸಿದುಕೊಂಡು ಕಣ್ಣು ಮುಚ್ಚಿ ಸವರಿದರು. "ಇದು ದುಡ್ಡಲ್ಲ ಕಣವ್ವ, ಅಂಗಿ ಗುಂಡಿ ಇದ್ದಂಗದೆ. ಎತ್ತವಳಿಗೇ ತಿಳೀದು, ನನ್ನ ಮಗನ್ಗೆ ತಿಳಿದೀತಾ?"

ನಾನೂ ಕಣ್ಣು ಮುಚ್ಚಿ ನೋಡಿದೆ. ಸಿಂಹವಿಲ್ಲ, ಅಂಕಿಯಿಲ್ಲ, ಅಂಚಿನ ಗೀರೂ ಇಲ್ಲ. ಅತ್ತೆಯೂ ನಾನೂ ಸೇರಿ ಎಲ್ಲವನ್ನೂ ತೊಳೆದು ಬಚ್ಚಲಿಗೆ ಬಿಟ್ಟಿದ್ದೆವು.

"ಅತ್ತೆ ಸೊಸೆ ಸೇರ್ಕಂಡು ದೇವರ ದುಡ್ಡನ್ನೇ ತಿಂದುಬುಟ್ರಲ್ಲ" ಅಂದರು ಯಜಮಾನರು. ಬಾಯಿ ಒಂದೇ ಪಕ್ಕಕ್ಕೆ ನಕ್ಕಿತು. ಸ್ಟ್ರೋಕ್ ಆದಮೇಲೆ ಅವರು ನಕ್ಕಿದ್ದು ಅವತ್ತೇ.

ನಂಜನಗೂಡಿಗೆ ಹೋಗಿಬರುವ ಬಸ್ಸಿನಲ್ಲಿ ಹೆಂಗಸರಿಗೆ ಬಿಟ್ಟಿ, ನನಗೆ ಟಿಕೆಟ್ಟಿಲ್ಲ. ಯಜಮಾನರ ಟಿಕೆಟ್ಟಿನ ಚಿಲ್ಲರೆಯಲ್ಲಿ ಬಂದ ಎರಡು ರೂಪಾಯಿಯ ಹೊಸ ನಾಣ್ಯ ನನ್ನ ಪರ್ಸಿನಲ್ಲಿತ್ತು. ಕಣ್ಣು ಮುಚ್ಚಿಸಿ ಅದನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳು ಅಂಚಿನವರೆಗೆ ಹೋಗಿ ನಿಂತಿತು.

"ತಣ್ಣಗದೆ" ಅಂದರು.

ಒಂದೋ ಎರಡೋ ಹೇಳಲಾಗಲಿಲ್ಲ. ನಾನು ಎದ್ದು ದೇವರಿಗೆ ದೀಪ ಹಚ್ಚಿದೆ. ಆ ರಾತ್ರಿ ಊಟದ ಹೊತ್ತಿನಲ್ಲಿ ಅಂಗಡಿ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ.